ಕರಪತ್ರದ ಕೊನೇ ಸಾಲು ಕಟಿಂಗ್‌ನಲ್ಲಿ ಹೋಯ್ತು, ನಾನು ಕೋರ್ಟಿಗೆ ಹೋದೆ: ಪ್ರೆಸ್ಸಿನವರಿಗೆ ಒಂದು ಎಚ್ಚರಿಕೆ

ಪ್ರಿಂಟಿಂಗ್ ಪ್ರೆಸ್, ಡಿಟಿಪಿ, ಫ್ಲೆಕ್ಸ್, ಜಾಹೀರಾತು ಡಿಸೈನ್ ಅಂತ ಹೊಟ್ಟೆಪಾಡು ನಡೆಸುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಎಲೆಕ್ಷನ್ ಬಂದರೆ ನಮಗೆ ಸುಗ್ಗಿ ಅಂತ ನಾವೇ ಹೇಳಿಕೊಂಡು ತಿರುಗುತ್ತೇವೆ. 2023ರ ವಿಧಾನಸಭಾ ಚುನಾವಣೆಯ ಸುಗ್ಗಿಯಲ್ಲಿ ನನಗೆ ಸಿಕ್ಕಿದ್ದು 10,000 ರೂಪಾಯಿ ಅಡ್ವಾನ್ಸ್, ಒಂದು ಕೇಸು, ಒಂದು ವರ್ಷಕ್ಕೂ ಜಾಸ್ತಿ ಕೋರ್ಟ್ ಅಲೆದಾಟ. ಬಾಕಿ 21,400 ಇವತ್ತಿಗೂ ಉದ್ರಿ ಪುಸ್ತಕದಲ್ಲೇ ಇದೆ.

ನಮ್ಮದು ಮಧ್ಯ ಕರ್ನಾಟಕದ ಒಂದು ತಾಲೂಕು ಊರು. ಅಪ್ಪನ ಕಾಲದ ಟ್ರೆಡಲ್ ಮಷೀನ್ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಈಗ ಒಂದು ಆಫ್‌ಸೆಟ್, ಒಂದು ಕಟಿಂಗ್ ಮಷೀನ್, ಎರಡು ಕಂಪ್ಯೂಟರ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ, ಟ್ಯೂಷನ್ ಸೆಂಟರ್ ಪಾಂಪ್ಲೆಟ್. ಊರಿನ ಕೇಬಲ್ ಚಾನೆಲ್‌ಗೆ ಅಂಗಡಿಗಳ ಜಾಹೀರಾತು ಹಿಡಿದುಕೊಡುವ ಕೆಲಸವನ್ನೂ ಮಾಡುತ್ತೇನೆ.

ಆ ವರ್ಷ ಮಾರ್ಚ್ 29ಕ್ಕೆ ಚುನಾವಣೆ ಘೋಷಣೆ ಆಯಿತು. ಅದಾದ ಎರಡೇ ದಿನಕ್ಕೆ ಚುನಾವಣಾ ಕಚೇರಿಯಿಂದ ಪ್ರೆಸ್ ಮಾಲೀಕರಿಗೆಲ್ಲ ಮೀಟಿಂಗ್ ಅಂತ ಕರೆ ಬಂತು. ಹೋದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಟೀ ಬಿಸ್ಕೆಟ್ ಕೊಟ್ಟರು, ಜೆರಾಕ್ಸ್ ಮಾಡಿದ ನಾಲ್ಕು ಹಾಳೆ ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಪ್ರೆಸ್ಸಿನವರ ಜೊತೆ ಪೇಪರ್ ರೇಟು ಏರಿದ್ದರ ಬಗ್ಗೆ ಮಾತಾಡುತ್ತಾ ಕೂತೆ. ಹಾಳೆಗಳನ್ನು ತಂದು ಡ್ರಾಯರ್‌ಗೆ ಹಾಕಿದೆ, ಅಷ್ಟೇ. ಆ ಸಹಿ ನೆನಪಿರಲಿ, ಮುಂದೆ ಬರುತ್ತದೆ.

ನಾಮಪತ್ರ ವಾಪಸ್ ತೆಗೆದುಕೊಳ್ಳಲು ಏಪ್ರಿಲ್ 24 ಕೊನೇ ದಿನ. ಕಣದಲ್ಲಿ ಯಾರಿದ್ದಾರೆ ಅಂತ ಪಕ್ಕಾ ಆಗೋದು ಅವತ್ತು. ಪಕ್ಷೇತರರಿಗೆ ಚಿಹ್ನೆ ಸಿಗೋದೂ ಆಮೇಲೇ. ಹಾಗಾಗಿ ನಿಜವಾದ ರಷ್ ಶುರುವಾಗೋದು ಅವತ್ತು ಸಂಜೆಯಿಂದ. ಮತದಾನ ಮೇ 10ಕ್ಕೆ. ನಡುವೆ ಹದಿನೈದೇ ದಿನ, ಜೊತೆಗೆ ಮದುವೆ ಸೀಸನ್.

ಮಾರನೇ ದಿನ ರಾತ್ರಿ ಒಂಬತ್ತರ ಹೊತ್ತಿಗೆ ಗೊತ್ತಿರುವ ಹುಡುಗನೊಬ್ಬ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ಅವನ ಅಕ್ಕನ ಲಗ್ನಪತ್ರಿಕೆ ನಾನೇ ಮಾಡಿಕೊಟ್ಟಿದ್ದೆ. ಒಬ್ಬ ಅಭ್ಯರ್ಥಿಯ ಪರ ಓಡಾಡುತ್ತಿದ್ದ. ಎರಡು ಕೆಲಸ ತಂದಿದ್ದ. ಒಂದು, ಅಭ್ಯರ್ಥಿಯ ಮನವಿ ಪತ್ರ, ಎರಡು ಕಲರ್, 20,000 ಪ್ರತಿ. ಇನ್ನೊಂದು ಬರೀ ಕಪ್ಪು ಅಕ್ಷರದ್ದು, 5,000. ಅದರಲ್ಲಿ ಎದುರಾಳಿಯ ಐದು ವರ್ಷದ ಲೆಕ್ಕ ಕೇಳಿದ್ದರು. ರಸ್ತೆ ಎಲ್ಲಿ, ಕೆರೆಗೆ ನೀರೆಲ್ಲಿ ಅಂತ. ಕೆಳಗೆ "ಇಂತಿ, ನೊಂದ ಮತದಾರರು" ಅಂತ ಇತ್ತು.

"ಇದಕ್ಕೆ ಪ್ರಕಾಶಕರು ಯಾರಪ್ಪಾ?" ಅಂತ ಕೇಳಿದೆ. ಅಷ್ಟಾದರೂ ನೆನಪಿತ್ತು ನನಗೆ.

"ಅಣ್ಣಾ, ಇದರಲ್ಲಿ ಯಾರಿಗೆ ಓಟು ಹಾಕಿ ಅಂತ ಎಲ್ಲಿದೆ? ಚಿಹ್ನೆ ಇಲ್ಲ, ಪಾರ್ಟಿ ಇಲ್ಲ. ಇದೆಲ್ಲಿ ಎಲೆಕ್ಷನ್ ಕರಪತ್ರ ಆಯ್ತು?" ಅಂದ.

ಸರಿ ಅನ್ನಿಸಿತು ನೋಡಿ! ಸುಮ್ನೆ ಅನ್ನಿಸಿದ್ದಲ್ಲ, 10,000 ರೂಪಾಯಿ ಟೇಬಲ್ ಮೇಲೆ ಇಟ್ಟಿದ್ದ. ಅದಕ್ಕೇ ಸರಿ ಅನ್ನಿಸಿತು.

ಕಾನೂನು ಏನು ಹೇಳುತ್ತದೆ ಅಂತ ಆಮೇಲೆ ವಕೀಲರು ತೋರಿಸಿದರು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 127ಎ. ಚುನಾವಣಾ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಒಬ್ಬ ಅಭ್ಯರ್ಥಿಯ ಗೆಲುವಿಗೆ ಅನುಕೂಲ ಮಾಡುವುದಷ್ಟೇ ಅಲ್ಲ, ಇನ್ನೊಬ್ಬನಿಗೆ ತೊಂದರೆ ಆಗಲಿ ಅಂತ ಹಂಚುವ ಹಾಳೆಯೂ ಚುನಾವಣಾ ಕರಪತ್ರವೇ. ಚಿಹ್ನೆ ಇದೆಯೋ ಇಲ್ಲವೋ ಅಂತ ಕಾನೂನು ಕೇಳೋದೇ ಇಲ್ಲ. ಸಭೆ ಯಾವತ್ತು, ಎಷ್ಟು ಗಂಟೆಗೆ, ಎಲ್ಲಿ ಅಂತ ಮಾತ್ರ ಇರುವ ಚೀಟಿಗೆ ವಿನಾಯಿತಿ ಇದೆ. ಅದೇ ಚೀಟಿಯಲ್ಲಿ "ಭಾರಿ ಬಹುಮತದಿಂದ ಗೆಲ್ಲಿಸಿ" ಅಂತ ಒಂದು ಸಾಲು ಸೇರಿಸಿ, ಆ ವಿನಾಯಿತಿ ನಂಬಿಕೊಂಡು ಕೂರುವ ಹಾಗಿಲ್ಲ. ಇನ್ನೊಂದು, ಆಫ್‌ಸೆಟ್‌ನಲ್ಲಿ ಹೊಡೆದರೆ ಮಾತ್ರ ಪ್ರಿಂಟು ಅಂದುಕೊಳ್ಳಬೇಡಿ. ಕೈಯಲ್ಲಿ ಬರೆದು ನಕಲು ಮಾಡುವುದನ್ನು ಬಿಟ್ಟರೆ ಉಳಿದದ್ದೆಲ್ಲ ಮುದ್ರಣದ ಲೆಕ್ಕವೇ. ಜೆರಾಕ್ಸ್ ಅಂಗಡಿಯವರೂ ಕೇಳಿಸಿಕೊಳ್ಳಿ.

ಈಗ ಮೊದಲ ಕೆಲಸದ ಕಥೆ. ಅದರಲ್ಲಿ ನಾನು ನಿಯಮ ಮುರಿಯಲು ಹೋಗಿರಲಿಲ್ಲ. ಮುದ್ರಕರು, ಪ್ರಕಾಶಕರು, ವಿಳಾಸ, ಪ್ರತಿಗಳ ಸಂಖ್ಯೆ ಎಲ್ಲಾ ಹಾಕಿ ಒಂದು ಸಾಲು ಕೂರಿಸಿದ್ದೆ. ಆದರೆ ಹುಡುಗನಿಗೆ ಫೋಟೊ ದೊಡ್ಡದಾಗಿ ಬೇಕಿತ್ತು. ಅದಕ್ಕೆ ಸಾಲನ್ನು ಕೆಳಗೆ ತಳ್ಳಿ, ಅಕ್ಷರವನ್ನು 6 ಪಾಯಿಂಟ್‌ಗೆ ಇಳಿಸಿ, ಕಟಿಂಗ್ ಮಾರ್ಕ್‌ಗೆ ತಾಗಿಸಿ ಇಟ್ಟುಬಿಟ್ಟೆ. ರಾತ್ರಿ ಎರಡು ಗಂಟೆಗೆ ಕಟಿಂಗ್. ಬೇಗ ಮುಗಿಸೋಣ ಅಂತ ಕಟಿಂಗ್ ಹುಡುಗ ಎಂದಿಗಿಂತ ದಪ್ಪ ಅಟ್ಟಿ ಇಟ್ಟು ಬ್ಲೇಡ್ ಇಳಿಸಿದ. ಅಟ್ಟಿಯ ಮೇಲಿನ ಹಾಳೆ ಸರಿಯಾಗಿತ್ತು. ಕೆಳಗೆ ಹೋದ ಹಾಗೆ ಒಂದೆರಡು ಮಿಲಿಮೀಟರ್ ಸರಿದಿತ್ತು. ನೋಡಿದವರು ಯಾರು? ಸುಮಾರು ಪ್ರತಿಗಳಲ್ಲಿ ಆ ಸಾಲಿನ ತಲೆಕಟ್ಟು ಮಾತ್ರ ಉಳಿದಿತ್ತು. ಅಕ್ಷರದ ಮೈಯೆಲ್ಲ ಕತ್ತರಿಸಿ ಕಸದ ಬುಟ್ಟಿ ಸೇರಿತ್ತು. ಕರಪತ್ರದ ಕೆಳಗೆ ಇರುವೆ ಸಾಲು ಹೋದ ಹಾಗೆ ಕಾಣುತ್ತಿತ್ತು.

ಬೆಳಗ್ಗೆ ಗೂಡ್ಸ್ ಆಟೊದಲ್ಲಿ ಮಾಲು ಹೋಯಿತು. ಮೂರನೇ ದಿನ ಒಂದು ಹಳ್ಳಿಯ ಹತ್ತಿರ ಚುನಾವಣಾ ಅಕ್ರಮ ಹಿಡಿಯುವ ಫ್ಲೈಯಿಂಗ್ ಸ್ಕ್ವಾಡ್‌ನವರು ಆಟೊ ತಡೆದರು. ಕಪ್ಪು ಅಕ್ಷರದ ಕರಪತ್ರದಲ್ಲಿ ಯಾರ ಹೆಸರೂ ಇಲ್ಲ. ಮನವಿ ಪತ್ರದಲ್ಲಿ ಬರೀ ತಲೆಕಟ್ಟು. ಹಾಗಾದರೆ ನಾನೇ ಅಂತ ಹೇಗೆ ಗೊತ್ತಾಯಿತು? ಬಂಡಲ್ ಸುತ್ತಲು ನಮ್ಮ ಹುಡುಗರು ವೇಸ್ಟ್ ಶೀಟ್ ಬಳಸಿದ್ದರು. ಯಾರದೋ ಲಗ್ನಪತ್ರಿಕೆ, ಕೆಳಗೆ ನಮ್ಮ ಪ್ರೆಸ್ಸಿನ ಹೆಸರು, ಫೋನ್ ನಂಬರ್. ಅದು ಮಾತ್ರ ಅಚ್ಚುಕಟ್ಟಾಗಿ ಓದಲು ಬರುತ್ತಿತ್ತು.

ಕಚೇರಿಗೆ ಕರೆಸಿದರು. ನನಗೆ ನಿಯಮ ಸರಿಯಾಗಿ ಗೊತ್ತಿರಲಿಲ್ಲ ಸಾರ್ ಅಂದೆ. ಅಧಿಕಾರಿ ಮಾತಾಡಲಿಲ್ಲ. ಹಾಜರಿ ಪುಸ್ತಕ ತೆಗೆದು, ನನ್ನ ಸಹಿ ಇರುವ ಕಡೆ ಬೆರಳಿಟ್ಟು, ನನ್ನ ಕಡೆ ತಿರುಗಿಸಿದರು.

ಅವರು ಕೇಳಿದ ಮುಂದಿನ ಪ್ರಶ್ನೆ, ಘೋಷಣಾ ಪತ್ರ ಎಲ್ಲಿ? ಡ್ರಾಯರ್‌ನಲ್ಲಿದ್ದ ನಾಲ್ಕು ಹಾಳೆಯಲ್ಲಿ ಅದೇ ಮುಖ್ಯ ಹಾಳೆ. ಅನುಬಂಧ-ಎ ಅನ್ನುತ್ತಾರೆ. ಕೆಲಸ ಕೊಡುವವನು ಪ್ರಕಾಶಕ ನಾನೇ ಅಂತ ಸಹಿ ಮಾಡಬೇಕು. ಅವನನ್ನು ಖುದ್ದಾಗಿ ಬಲ್ಲ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಎರಡು ಪ್ರತಿ. ಅದು ನಮ್ಮ ಕೈಗೆ ಬರುವವರೆಗೆ ಪ್ಲೇಟ್ ಕೂಡ ಹಾಕುವಂತಿಲ್ಲ ಅಂದುಕೊಳ್ಳಿ. ಪ್ರಿಂಟ್ ಆದ ಮೂರು ದಿನದೊಳಗೆ ಆ ಘೋಷಣೆಯ ಒಂದು ಪ್ರತಿ, ಕರಪತ್ರದ ನಾಲ್ಕು ಪ್ರತಿ, ಜೊತೆಗೆ ಎಷ್ಟು ಹೊಡೆದೆವು, ಎಷ್ಟು ದುಡ್ಡು ತೆಗೆದುಕೊಂಡೆವು ಅಂತ ಅನುಬಂಧ-ಬಿ ಭರ್ತಿ ಮಾಡಿ ಕಳಿಸಬೇಕು. ಬೆಂಗಳೂರಿನಲ್ಲಿ ಪ್ರಿಂಟ್ ಮಾಡಿದರೆ ಮುಖ್ಯ ಚುನಾವಣಾಧಿಕಾರಿಗೆ, ಬೇರೆ ಜಿಲ್ಲೆಯಾದರೆ ಜಿಲ್ಲಾಧಿಕಾರಿಗೆ. ನಾನು ಇದರಲ್ಲಿ ಒಂದನ್ನೂ ಮಾಡಿರಲಿಲ್ಲ. ಕಟಿಂಗ್‌ನಲ್ಲಿ ಹೋದ ಸಾಲಿನ ಬಗ್ಗೆ ಅಳುತ್ತಾ ಕೂತಿದ್ದೆ. ಘೋಷಣೆ ಇದ್ದಿದ್ದರೆ ಆ ಸಾಲಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಇರುತ್ತಿತ್ತು ಅಂತ ವಕೀಲರು ಹೇಳಿದರು. ಅದೂ ಇಲ್ಲ ಅಂದ ಮೇಲೆ ಬ್ಲೇಡ್ ಸರಿಯಿತು ಅಂದರೆ ಯಾರು ನಂಬುತ್ತಾರೆ?

ಹುಡುಗನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅಭ್ಯರ್ಥಿಯ ಕಡೆಯವರು ಕಪ್ಪು ಅಕ್ಷರದ ಕರಪತ್ರಕ್ಕೂ ನಮಗೂ ಸಂಬಂಧ ಇಲ್ಲ ಅಂತ ಬರೆದುಕೊಟ್ಟರು. ಯಾಕೆ ಅಂತ ಆಗ ಅರ್ಥ ಆಯಿತು. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷದ ಮೇಲೆ ಖರ್ಚು ಮಾಡುವಂತಿಲ್ಲ. ಹೆಸರು, ಪ್ರತಿಗಳ ಸಂಖ್ಯೆ, ರೇಟು ಎಲ್ಲಾ ದಾಖಲೆಯಾದರೆ ನಮ್ಮ ಬಿಲ್ಲು ಅವರ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. "ನೊಂದ ಮತದಾರರು" ಅಂತ ಇದ್ದರೆ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಬಿಲ್ ಬೇಡ ಅಣ್ಣಾ, ಕ್ಯಾಶ್ ಕೊಡ್ತೀನಿ ಅನ್ನುವುದು ನಮ್ಮ ಮೇಲಿನ ಪ್ರೀತಿಯಿಂದ ಅಲ್ಲ.

ಶಿಕ್ಷೆ ಕಾಗದದ ಮೇಲೆ ಆರು ತಿಂಗಳವರೆಗೆ ಜೈಲು, ಇಲ್ಲ 2,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. 2,000 ತಾನೆ ಅಂತ ನಗಬೇಡಿ, ನಾನೂ ನಕ್ಕಿದ್ದೆ. ಮೊದಲು ಎನ್‌ಸಿಆರ್ ಮಾಡಿದರು, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ ಅಪರಾಧ ಅಂತ ಬರೆದುಕೊಂಡರು, ಆಮೇಲೆ ಕೋರ್ಟಿನ ಅನುಮತಿ ತೆಗೆದುಕೊಂಡು ಎಫ್‌ಐಆರ್. ಠಾಣೆಯಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಬೆಂಚಿನ ಮೇಲೆ. ಎದುರು ಹೋಟೆಲಿನವನು ನನ್ನ ಗಿರಾಕಿ, ಟೀ ತಂದುಕೊಟ್ಟು ಏನೂ ಕೇಳದೆ ಹೋದ. ಆ ನಾಚಿಕೆ ಬೇರೆ. ಜಾಮೀನು, ವಕಾಲತ್ತು, ವಾಯಿದೆ ಮೇಲೆ ವಾಯಿದೆ. ಪ್ರತಿ ವಾಯಿದೆಗೂ ಅರ್ಧ ದಿನ ಮಷೀನ್ ಬಂದ್. ಕೊನೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದೆ. ವಕೀಲರ ಫೀಸಿನ ಮುಂದೆ ದಂಡ ಚಿಲ್ಲರೆ ದುಡ್ಡು.

ಒಂದು ಕಡೆ ಮಾತ್ರ ಬಚಾವಾದೆ, ಅದೂ ನನ್ನ ಬುದ್ಧಿಯಿಂದಲ್ಲ. ಅದೇ ಹುಡುಗ ಕೇಬಲ್ ಚಾನೆಲ್‌ನಲ್ಲಿ ಓಡಿಸಲು ಮೂವತ್ತು ಸೆಕೆಂಡಿನ ಜಾಹೀರಾತನ್ನೂ ಕೊಟ್ಟಿದ್ದ. ಚಾನೆಲ್ ಹುಡುಗ ಮುಟ್ಟಲೇ ಇಲ್ಲ. "ಎಂಸಿಎಂಸಿ ಸರ್ಟಿಫಿಕೇಟ್ ತನ್ನಿ ಸಾರ್, ಆಮೇಲೆ ಮಾತಾಡೋಣ" ಅಂದ. ಜಿಲ್ಲಾ ಮಟ್ಟದಲ್ಲಿರುವ ಮಾಧ್ಯಮ ಪ್ರಮಾಣೀಕರಣ ಸಮಿತಿ ಅದು. 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ಟಿವಿ, ಕೇಬಲ್‌ನ ರಾಜಕೀಯ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಬೇಕು. ಆಮೇಲೆ ಚುನಾವಣಾ ಆಯೋಗ ರೇಡಿಯೊ, ಸೋಷಿಯಲ್ ಮೀಡಿಯಾ, ಬಲ್ಕ್ ಎಸ್‌ಎಂಎಸ್‌ಗೂ ಇದನ್ನು ತಂದಿದೆ. ಅಭ್ಯರ್ಥಿ, ನೋಂದಾಯಿತ ಪಕ್ಷ ಆದರೆ ಪ್ರಸಾರಕ್ಕೆ ಮೂರು ದಿನ ಮೊದಲು, ಬೇರೆಯವರಾದರೆ ಏಳು ದಿನ ಮೊದಲು ಅರ್ಜಿ. ಖರ್ಚಿನ ವಿವರ, ಹಣ ಚೆಕ್ ಅಥವಾ ಡಿಡಿಯಲ್ಲೇ ಕೊಡುತ್ತೇವೆ ಅನ್ನುವ ಹೇಳಿಕೆ ಅರ್ಜಿಯಲ್ಲೇ ಇರಬೇಕು. ಪತ್ರಿಕೆ ಜಾಹೀರಾತಿಗೆ ಎಲ್ಲಾ ದಿನ ಈ ಪ್ರಮಾಣಪತ್ರ ಬೇಡ. ಮತದಾನದ ದಿನ, ಅದರ ಹಿಂದಿನ ದಿನ ಬೇಕು. ಪೇಪರ್‌ಗೆ ಜಾಹೀರಾತು ಹಿಡಿಯುವ ನಮ್ಮಂಥ ಏಜೆಂಟರು ಎಡವುವುದು ಆ ಎರಡು ದಿನದಲ್ಲೇ.

ಈಗ ನನ್ನ ಪ್ರೆಸ್‌ನಲ್ಲಿ ಮೀಟಿಂಗ್‌ನ ಆ ನಾಲ್ಕು ಹಾಳೆ ಲ್ಯಾಮಿನೇಷನ್ ಆಗಿ ಗೋಡೆ ಮೇಲಿದೆ. ಎಲೆಕ್ಷನ್ ಕೆಲಸ ಬಂದರೆ ಮೊದಲು ಫಾರ್ಮ್, ಆಮೇಲೆ ಪೆನ್‌ಡ್ರೈವ್. ಸಹಿ ಮಾಡುವವನ ವೋಟರ್ ಐಡಿ ಜೆರಾಕ್ಸ್ ಇಟ್ಟುಕೊಳ್ಳುತ್ತೇನೆ. ಅದು ಕಾನೂನಲ್ಲಿಲ್ಲ, ನನ್ನ ಸಮಾಧಾನಕ್ಕೆ. ಅಭ್ಯರ್ಥಿ ಬಿಟ್ಟು ಬೇರೆ ಯಾರೇ ಖರ್ಚು ಮಾಡುತ್ತಿದ್ದರೂ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಕೇಳುತ್ತೇನೆ. ಇದಂತೂ ಕಾನೂನಲ್ಲೇ ಇದೆ. ಮುದ್ರಕರ ಸಾಲನ್ನು ಅಂಚಿನಿಂದ ಅರ್ಧ ಇಂಚು ಒಳಗೆ, 9 ಪಾಯಿಂಟ್‌ಗಿಂತ ಚಿಕ್ಕದು ಮಾಡದೆ ಕೂರಿಸುತ್ತೇನೆ. ಕಟಿಂಗ್ ಆದ ಮೇಲೆ ಅಟ್ಟಿಯ ಮೇಲಿನದು, ನಡುವಿನದು, ತಳದ್ದು ಮೂರನ್ನೂ ಎಳೆದು ನೋಡುತ್ತೇನೆ. ಕಚೇರಿಗೆ ಕೊಟ್ಟ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರುವುದಿಲ್ಲ. ನಾಳೆ ಬನ್ನಿ ಅಂದರೂ ಅಲ್ಲೇ ಕೂರುತ್ತೇನೆ, ಬೆಂಚಿನ ಮೇಲೆ ಕೂತು ಅಭ್ಯಾಸ ಆಗಿದೆ. ಫ್ಲೆಕ್ಸ್‌ನವರೂ ತಪ್ಪಿಸಿಕೊಂಡೆವು ಅಂದುಕೊಳ್ಳಬೇಡಿ. 2024ರ ಲೋಕಸಭಾ ಚುನಾವಣೆ ಹೊತ್ತಿಗೆ ಹೋರ್ಡಿಂಗ್‌ಗಳ ಮೇಲೂ ಮುದ್ರಕರು, ಪ್ರಕಾಶಕರ ಹೆಸರು ಇರಲೇಬೇಕು ಅಂತ ಆಯೋಗ ಸ್ಪಷ್ಟವಾಗಿ ಹೇಳಿದೆ.

ಆ ಲೋಕಸಭಾ ಚುನಾವಣೆಗೆ ಅದೇ ಹುಡುಗ ಮತ್ತೆ ಬಂದಿದ್ದ, ಬೇರೆ ಶಾಲು ಹಾಕಿಕೊಂಡು. ಏನೂ ಆಗಿಲ್ಲ ಅನ್ನೋ ಹಾಗೆ "ಅಣ್ಣಾ, ಅರ್ಜೆಂಟ್ ಐದು ಸಾವಿರ" ಅಂದ. ಅನುಬಂಧ-ಎ ಎರಡು ಪ್ರತಿ ಮುಂದಿಟ್ಟೆ. ಪಕ್ಕದಲ್ಲಿ ಉದ್ರಿ ಪುಸ್ತಕವನ್ನೂ ತೆರೆದಿಟ್ಟೆ. ಸಾಕ್ಷಿ ಕರ್ಕೊಂಡು ಬರ್ತೀನಿ ಅಂತ ಹೋದವನು ಪೆನ್‌ಡ್ರೈವ್ ಕೂಡ ಬಿಟ್ಟು ಹೋಗಿದ್ದಾನೆ. ಎಂಟು ಜಿಬಿ. ಡ್ರಾಯರ್‌ನಲ್ಲಿದೆ.