ಗ್ರೈಂಡರ್, ಜಿಗ್‌ಸಾ, ಸರ್ಕ್ಯುಲರ್ ಸಾ: ಮನೆಯ ದುರಸ್ತಿಗೆ ಯಾವುದು?

ಮೈಸೂರಿನ ಅಗ್ರಹಾರದ ಹಳೆಯ ಮನೆಯನ್ನು ಸ್ವತಃ ದುರಸ್ತಿ ಮಾಡಿಕೊಳ್ಳಲು ಹೊರಟಿರುವ ತಾವು ಯಾವ ಕತ್ತರಿಸುವ ಯಂತ್ರವನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಕತ್ತರಿಸಬೇಕಾದ ವಸ್ತು ಯಾವುದೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ.

ಬೆಲೆಯಲ್ಲಿ ನಾಲ್ಕು ಅಂಗುಲದ ಡಿಸ್ಕ್ ತಿರುಗಿಸಿ ಕತ್ತರಿಸುವ ಆಂಗಲ್ ಗ್ರೈಂಡರ್ ಸಾಮಾನ್ಯವಾಗಿ ಅಗ್ಗ. ದುಂಡು ಬ್ಲೇಡಿನ ವಿದ್ಯುತ್ ಗರಗಸವಾದ ಸರ್ಕ್ಯುಲರ್ ಸಾ ದುಬಾರಿ.

ತುಕ್ಕು ಹಿಡಿದ ಕಿಟಕಿಯ ಸರಳು, ನೀರಿನ ಕಬ್ಬಿಣದ ಪೈಪು, ನೆಲದ ಟೈಲ್ಸ್ ಇವುಗಳಿಗೆ, ಆಯಾ ವಸ್ತುವಿಗೆ ತಕ್ಕ ಡಿಸ್ಕ್ ಹಾಕಿದ ಗ್ರೈಂಡರೇ ಸರಿ. ಆದರೆ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಈ ಯಂತ್ರಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿದರೆ, ಅದು ಮರದಲ್ಲಿ ಸಿಕ್ಕಿಕೊಂಡು ಯಂತ್ರವೇ ಕೈತಪ್ಪಿ ಮೈಮೇಲೆ ಎಗರಬಹುದು. ಯಾರೋ ಹಾಗೆ ಬಳಸುತ್ತಾರೆಂದು ತಾವು ದಯವಿಟ್ಟು ಬಳಸಬೇಡಿ.

ಕಪಾಟಿನ ಪ್ಲೈವುಡ್, ಬಾಗಿದ ಗೆರೆ, ಹಲಗೆಯ ನಡುವಿನ ಕಿಂಡಿ ಇವು ಜಿಗ್‌ಸಾದ, ಅಂದರೆ ಮೇಲೆ ಕೆಳಗೆ ಆಡುವ ಕಿರಿದಾದ ಬ್ಲೇಡಿನ ವಿದ್ಯುತ್ ಗರಗಸದ, ಕೆಲಸ. ನಿಧಾನವಾದರೂ ಹೊಸಬರ ಕೈಗೆ ಇದು ಬೇಗ ಒಗ್ಗುತ್ತದೆ. ದಪ್ಪ ತೇಗದಲ್ಲಿ ಮಾತ್ರ ಬ್ಲೇಡ್ ಬಾಗಿ ಕೊಯ್ತ ಓರೆಯಾಗುತ್ತದೆ. ದಪ್ಪ ತೇಗದ ಬಾಗಿಲುಗಳನ್ನು, ಉದ್ದನೆಯ ಹಲಗೆಗಳನ್ನು ನೇರವಾಗಿ ಕೊಯ್ಯಬೇಕಿದ್ದರೆ, ಸುಮಾರು 60 ಮಿಲಿಮೀಟರ್ ಆಳಕ್ಕೆ ಇಳಿಯುವ ಏಳು ಅಂಗುಲದ ಸರ್ಕ್ಯುಲರ್ ಸಾ ಸೂಕ್ತ. ಅದು ಭಾರವಾದ್ದರಿಂದ ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಯಂತ್ರವನ್ನು ಎರಡೂ ಕೈಗಳಿಂದ ಹಿಡಿದು ನಡೆಸಬೇಕು. ಒಂದೆರಡು ಬಾಗಿಲಷ್ಟೇ ಇದ್ದರೆ ಕೊಳ್ಳುವ ಬದಲು ಬಡಗಿಯಿಂದ ಕೊಯ್ಯಿಸುವುದೇ ಲಾಭ.