ಪದ್ಮಿನಿಗೆ ಯಾವ ಫ್ಯಾನ್? ಬೆಲ್ಟಿನದಾ, ಆನ್‌ಲೈನ್ ಕಿಟ್ಟಾ, ಮಾರುತಿ 800ರದಾ?

ಮಾತು ಇಂಜಿನ್ ತಂಪಾಗಿಡೋಕೆ ರೇಡಿಯೇಟರಿನ ಮೂಲಕ ಗಾಳಿ ಎಳೆಯೋ ಫ್ಯಾನಿನದು. ಬೆಲ್ಟಿನದು ಇಂಜಿನ್ನಿನ ಜೊತೆ ತಿರುಗುತ್ತದೆ, ಉಳಿದೆರಡು ಕರೆಂಟಿನವು. ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಮಾರುತಿ 800ರ ಫ್ಯಾನಿಗೆ. ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಮೂರನ್ನೂ ಓಡಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತು ಇದು. ಆನ್‌ಲೈನ್‌ನಲ್ಲಿ ತರಿಸಿದ ಕಿಟ್ ಈಗ ಅಟ್ಟದ ಮೇಲಿದೆ. ಯಾರಿಗಾದರೂ ಕೊಟ್ಟುಬಿಡೋಣ ಅಂದರೆ, ಆಮೇಲೆ ಬೈಸಿಕೊಳ್ಳಬೇಕಾಗುತ್ತದೆ ಅಂತ ಸುಮ್ಮನಿದ್ದೇನೆ.

ಹಾಗಂತ ಕಂಪನಿಯಿಂದಲೇ ಬಂದ ಬೆಲ್ಟ್ ಫ್ಯಾನನ್ನು ಹಗುರವಾಗಿ ನೋಡಬೇಡಿ. ಅದರಲ್ಲಿ ಕೆಡೋದಕ್ಕೇ ಏನೂ ಇಲ್ಲ. ವಾಟರ್ ಪಂಪಿನ ಮೂತಿಗೆ ಬೋಲ್ಟ್ ಹಾಕಿ ಕೂರಿಸಿದ ರೆಕ್ಕೆಗಳು, ಅಷ್ಟೇ. ವೈರಿಲ್ಲ, ಫ್ಯೂಸಿಲ್ಲ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸೆಕೆಂಡ್ ಗೇರಿನಲ್ಲಿ ಹತ್ತುವಾಗಲೂ ಇಂಜಿನ್ ಶಾಖ ತೋರಿಸೋ ಮುಳ್ಳು ಅಷ್ಟಾಗಿ ಏರುತ್ತಿರಲಿಲ್ಲ. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಅದರ ಜೊತೆಗೆ ಫ್ಯಾನೂ ತಿರುಗುತ್ತದೆ. ತೊಂದರೆ ಇರೋದು ಸಿಲ್ಕ್ ಬೋರ್ಡಿನಲ್ಲಿ. ಗಾಡಿ ನಿಂತಿದೆ, ಎದುರುಗಾಳಿ ಇಲ್ಲ, ಐಡ್ಲಿಂಗಿನಲ್ಲಿರೋ ಇಂಜಿನ್ನಿನ ಜೊತೆ ಫ್ಯಾನೂ ತೂಕಡಿಸುತ್ತಿದೆ. ಗಾಳಿ ಬೇಕೇ ಬೇಕಾದ ಹೊತ್ತಿನಲ್ಲೇ ಬರೋದಿಲ್ಲ. ಹೈವೇಯಲ್ಲಿ, ಮುಂಜಾನೆಯ ಚಳಿಯಲ್ಲಿ, ಬೇಡ ಅಂದರೂ ತಿರುಗುತ್ತದೆ. 1089 ಸಿಸಿಯ ಇಂಜಿನ್ನಿಗೆ ಅದೊಂದು ದಂಡದ ಹೊರೆ.

ಇನ್ನೊಂದು ಮಾತು. ಯಾವ ಫ್ಯಾನ್ ಹಾಕಿಸುವ ಮುಂಚೆಯೂ ರೇಡಿಯೇಟರ್ ಬಿಚ್ಚಿಸಿ, ಕೊಳವೆಗಳಿಗೆ ಸಲಾಕೆ ಆಡಿಸಿ ತೊಳೆಸಿ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದು ಒಳಗೆಲ್ಲ ಸುಣ್ಣ ಕಟ್ಟಿಕೊಂಡಿದ್ದರೆ ಹೊರಗಿನಿಂದ ಎಷ್ಟು ಗಾಳಿ ಹೊಡೆದರೂ ಅಷ್ಟೇ.

ಕಿಟ್ಟಿನ ವಿಷಯಕ್ಕೆ ಬರ್ತೇನೆ. 12 ಇಂಚಿನ ತೆಳ್ಳನೆಯ ಫ್ಯಾನ್, ನೋಡೋಕೆ ಚೆಂದ, ಸದ್ದೂ ಕಡಿಮೆ. ಆದರೆ ಅದನ್ನು ಕಟ್ಟೋದು ಪ್ಲಾಸ್ಟಿಕ್ ಕಡ್ಡಿಗಳಿಂದ. ಅವನ್ನು ರೇಡಿಯೇಟರಿನ ಜಾಲರಿಯ ಮೂಲಕವೇ ತೂರಿಸಬೇಕು. ನಮ್ಮ ಗುಂಡಿಗಳಲ್ಲಿ ಗಾಡಿ ಕುಣಿದಾಗೆಲ್ಲ ಫ್ಯಾನಿನ ಭಾರ ಪೂರ್ತಿ ಆ ಜಾಲರಿಯ ಮೇಲೆ. ಶಾಖ ತಿಳಿಯೋ ಕಡ್ಡಿಯನ್ನೂ ಅಲ್ಲಿಗೇ ಚುಚ್ಚಬೇಕು. ಅದು ಒಂದು ಬೆರಳಷ್ಟು ಹೊರಗೆ ಜಾರಿದರೂ ಫ್ಯಾನ್ ತಡವಾಗಿ ಏಳುತ್ತದೆ. ಚಿಕ್ಕಪೇಟೆಯ ಹತ್ತಿರ ಮುಳ್ಳು ಕೆಂಪಿಗೆ ಹೋದಮೇಲೆ ನಿಧಾನವಾಗಿ ತಿರುಗೋಕೆ ಶುರುಮಾಡಿತು. ಅವತ್ತೇ ಬಿಚ್ಚಿಸಿದೆ.

ಮಾರುತಿ 800ರ ಫ್ಯಾನ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಸುತ್ತಲಿನ ಕವಚದ ಸಮೇತ ತಗೊಳ್ಳಿ. ಕವಚ ಇದ್ದರೆ ಗಾಳಿ ಪಕ್ಕದಿಂದ ನುಸುಳದೆ ರೇಡಿಯೇಟರಿನ ಮೂಲಕವೇ ಬರಬೇಕು. ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಿ ರೇಡಿಯೇಟರಿನ ಚೌಕಟ್ಟಿಗೆ ಕೂರಿಸಿದೆವು, ಜಾಲರಿಗೆ ಒಂದು ಮೊಳೆಯೂ ಇಲ್ಲ. 1983ರಿಂದ 2014ರವರೆಗೆ ತಯಾರಾದ ಗಾಡಿ ಅದು. ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಹಾಸನದಲ್ಲಿ ಮೋಟಾರ್ ಕೈಕೊಟ್ಟರೂ ಊರಿಗೆ ಫೋನ್ ಮಾಡಬೇಕಾಗಿಲ್ಲ.

ತಲೆ ತಿಂದಿದ್ದು ಮಾತ್ರ ಅದರ ಸ್ವಿಚ್ಚು, ನೀರು ಕಾದಾಗ ತಾನಾಗೇ ಫ್ಯಾನ್ ಹಾಕೋದು. ಪದ್ಮಿನಿಯ ರೇಡಿಯೇಟರಿನಲ್ಲಿ ಆ ಸ್ವಿಚ್ಚನ್ನು ತಿರುಗಿಸಿ ಕೂರಿಸೋಕೆ ಜಾಗವಿಲ್ಲ. ಹಾಗಾಗಿ ಲೇತ್‌ನಲ್ಲಿ ಹಿತ್ತಾಳೆಯ ಒಂದು ಗಿಡ್ಡ ಪೈಪ್ ಮಾಡಿಸಿ, ಮೇಲಿನ ಹೋಸ್ ಕತ್ತರಿಸಿ ನಡುವೆ ಸೇರಿಸಿ, ಅದಕ್ಕೆ ಸ್ವಿಚ್ ಹಾಕಿದೆವು. ಅದಕ್ಕೂ ಮುಂಚೆ ಪಾತ್ರೆಯಲ್ಲಿ ನೀರು ಕಾಯಿಸಿ, ಸ್ವಿಚ್ಚಿನ ಮೈಗೆ ಬ್ಯಾಟರಿಯ ನೆಗೆಟಿವ್ ಕೊಟ್ಟು ನೋಡಿದ್ದೆವು. ಸರಿಯಾಗಿ ಕೆಲಸ ಮಾಡುತ್ತಿತ್ತು. ಗಾಡಿಗೆ ಹಾಕಿದ ಮೇಲೆ ನೀರು ಕುದಿಯೋಕೆ ಬಂದರೂ ಫ್ಯಾನ್ ಅಲ್ಲಾಡಲಿಲ್ಲ.

ಎಲೆಕ್ಟ್ರಿಷಿಯನ್ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟ್ ಹಾಯಿಸೋ ಡಬ್ಬಿ) ಬದಲಿಸಿದ. ಆಮೇಲೆ ಸ್ವಿಚ್ಚೇ ಬದಲಿಸಿದ. "ಮೋಟಾರೇ ಹೋಗಿರ್ಬೇಕು ಸಾರ್" ಅಂದ. ಫ್ಯಾನಿಗೆ ನೇರ ಕರೆಂಟ್ ಕೊಟ್ಟರೆ ಗಿರ್ರನೆ ತಿರುಗುತ್ತದೆ! ಕ್ಲಿಪ್ ಬಿಗಿ ಮಾಡುವಾಗ ಅವನ ಸ್ಪ್ಯಾನರಿನ ಒಂದು ತುದಿ ಹಿತ್ತಾಳೆ ಪೈಪಿಗೂ ಇನ್ನೊಂದು ಇಂಜಿನ್ನಿಗೂ ತಾಗಿತು. ಫ್ಯಾನ್ ಎದ್ದಿತು. ಸ್ಪ್ಯಾನರ್ ತೆಗೆದ, ನಿಂತಿತು.

ವಿಷಯ ಇಷ್ಟೇ. ಒಂದೇ ಪಿನ್ನಿನ ಸ್ವಿಚ್ ತನ್ನ ಮೈಯಿಂದಲೇ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಹೋಗೋ ದಾರಿ, ತಗೊಳ್ಳುತ್ತದೆ. ನಮ್ಮ ಪೈಪಿನ ಎರಡೂ ಕಡೆ ಇದ್ದಿದ್ದು ರಬ್ಬರ್ ಹೋಸ್. ಅರ್ತ್ ಎಲ್ಲಿಂದ ಬರಬೇಕು? ಪೈಪಿಗೊಂದು ಕ್ಲಿಪ್, ಅದರಿಂದ ಬಾಡಿಗೊಂದು ವೈರ್. ಅಲ್ಲಿಗೆ ಮುಗಿಯಿತು. ಎರಡು ಪಿನ್ನಿನ ಸ್ವಿಚ್ ಸಿಕ್ಕರೆ ಒಂದು ಪಿನ್ನನ್ನೇ ಅರ್ತ್ ಮಾಡಿ, ಈ ರಗಳೆ ಇರೋದಿಲ್ಲ.

ಫ್ಯಾನಿನ ಕರೆಂಟ್ ಸ್ವಿಚ್ಚಿನ ಮೂಲಕ ಹಾಯಿಸಬೇಡಿ, 30 ಆಂಪಿಯರಿನ ರಿಲೇ ಹಾಕಿಸಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಹಳೆ ರೆಕ್ಕೆ ತೆಗೆದರೂ ಬೆಲ್ಟ್ ಇರಲೇಬೇಕು, ವಾಟರ್ ಪಂಪ್ ತಿರುಗೋದು ಅದರಿಂದಲೇ. ಸದ್ದು? ಮಾರುತಿಯದು ಜಾಸ್ತಿನೇ. ನನಗೆ ಅದೇ ಇಷ್ಟ, ಕೆಲಸ ಮಾಡ್ತಿದೆ ಅಂತ ಒಳಗೆ ಕೂತೇ ಗೊತ್ತಾಗುತ್ತದೆ.

ನಾನು ಪದ್ಮಿನಿಯಲ್ಲೇ ಆಫೀಸಿಗೆ ಹೋಗುವವನು, ಟ್ರಾಫಿಕ್ಕಿನಲ್ಲೇ ಅರ್ಧ ಹೊತ್ತು. ವೆಲ್ಡಿಂಗು, ಲೇತು, ವೈರು ಎಲ್ಲ ಸೇರಿಸಿದರೂ ಕಿಟ್ಟಿಗಿಂತ ಕಮ್ಮಿಯಲ್ಲೇ ಆಯಿತು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಬರುವವರಾದರೆ ಬೆಲ್ಟ್ ಫ್ಯಾನೇ ಇರಲಿ, ದುಡ್ಡು ಖರ್ಚು ಮಾಡಬೇಡಿ. ಗಾಡಿಯಲ್ಲಿ ಇನ್ನೂ ಹಳೇ ಡೈನಮೋ ಇದ್ದರಂತೂ ಆತುರ ಬೇಡವೇ ಬೇಡ. ಐಡ್ಲಿಂಗಿನಲ್ಲಿ ಅದು ಚಾರ್ಜ್ ಮಾಡೋದು ಅಷ್ಟಕ್ಕಷ್ಟೇ. ರಾತ್ರಿ ಹೆಡ್‌ಲೈಟ್ ಜೊತೆ ಈ ಫ್ಯಾನೂ ಸೇರಿದರೆ ಬ್ಯಾಟರಿ ಮಲಗುತ್ತದೆ. ನನ್ನದಕ್ಕೆ ಹಿಂದಿನ ಯಜಮಾನರೇ ಡೈನಮೋ ಬದಲು ಐಡ್ಲಿಂಗಿನಲ್ಲೂ ಚಾರ್ಜ್ ಮಾಡೋ ಆಲ್ಟರ್ನೇಟರ್ ಹಾಕಿಸಿದ್ದರು. ನಿಮ್ಮದಕ್ಕೆ ಇಲ್ಲದಿದ್ದರೆ ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.