ಪುಟ್ಟ ಕೃಷ್ಣನ ಹಿಂದೆ ಯಾವ ಗೋಕುಲ? ಫ್ಲೆಕ್ಸ್, ಹಸಿರು ಬಟ್ಟೆ, ಎಐ, ಬರೆದ ಪರದೆ

ಕೃಷ್ಣಾಷ್ಟಮಿ ಹತ್ತಿರ ಬಂದರೆ ಮಕ್ಕಳಿಗೆ ವೇಷ ಹಾಕಿಸಿ ಫೋಟೊ ತೆಗೆಸುವವರು ಶುರು. ಎಲ್ಲರಿಗೂ ಬೇಕಾದದ್ದು ಹೆಚ್ಚುಕಡಿಮೆ ಒಂದೇ: ಯಮುನೆ, ಬೆಳದಿಂಗಳು, ಕದಂಬದ ಮರ. ನಮ್ಮದು ಚಿಕ್ಕ ಸ್ಟುಡಿಯೋ. ಆ ಗೋಕುಲವನ್ನು ನಾಲ್ಕು ರೀತಿಯಲ್ಲಿ ಕಟ್ಟಿ ನೋಡಿದ್ದೇನೆ.

ಫ್ಲೆಕ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಗ್ಗ, ಬೇಗ ಸಿಗುತ್ತದೆ. ಆದರೆ ಮೇಲ್ಮೈ ಮಿಣಮಿಣ. ಫ್ಲ್ಯಾಶ್ ಹೊಡೆದರೆ ಯಮುನೆಯ ನಡುವೆ ಬಿಳಿ ಮಚ್ಚೆ ಬೀಳುತ್ತದೆ. ಲೈಟನ್ನು ಪಕ್ಕಕ್ಕೆ ಸರಿಸಿದರೆ ಮಚ್ಚೆ ಹೋಗುತ್ತದೆ, ಮಡಿಕೆಯ ಗೆರೆಗಳು ಎದ್ದು ಕಾಣುತ್ತವೆ. ಅದೇ ಚಿತ್ರವನ್ನು ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿದರೆ ಹೊಳಪಿನ ಕಾಟವಾದರೂ ತಪ್ಪುತ್ತದೆ.

ಹಸಿರು ಬಟ್ಟೆಯದ್ದು ದೊಡ್ಡ ಕಥೆ. ಅದರ ಮುಂದೆ ಫೋಟೊ ತೆಗೆದು, ಕಂಪ್ಯೂಟರ್‌ನಲ್ಲಿ ಹಸಿರನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಗೋಕುಲದ ಚಿತ್ರ ಕೂರಿಸೋದು. ಹಸಿರೇ ಯಾಕೆ? ಅದು ಚರ್ಮದ ಬಣ್ಣಕ್ಕೆ ದೂರ. ಜೊತೆಗೆ ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗೆ ಎರಡು ಹಸಿರಿನವು, ಹಾಗಾಗಿ ಅಂಚು ನೀಟಾಗಿ ಸಿಗುತ್ತದೆ. ಸರಿ, ಆದರೆ ಕೃಷ್ಣನ ತಲೆಯ ಮೇಲೆ ಇರೋದೇ ನವಿಲುಗರಿ! ಬಟ್ಟೆಯ ಹಸಿರು ಅಳಿಸಿದರೆ ಗರಿಯೂ ಅರ್ಧ ಅಳಿಸಿಹೋಗುತ್ತದೆ. ನೀಲಿ ಬಟ್ಟೆ ಕಟ್ಟೋಣ ಅಂದರೆ ಕೆಲವರು ಮಗುವಿನ ಮೈಗೆಲ್ಲ ನೀಲಿ ಬಳಿದುಕೊಂಡೇ ಬಂದಿರುತ್ತಾರೆ. ಇನ್ನು ಹಳದಿ ಪಂಚೆ. ಬಟ್ಟೆಯಿಂದ ಪುಟಿದ ಹಸಿರು ಬೆಳಕು ಅದರ ಅಂಚಿಗೆ ಮೆತ್ತಿಕೊಳ್ಳುತ್ತದೆ. ಮಗುವನ್ನು ಆರೇಳು ಅಡಿ ಮುಂದೆ ನಿಲ್ಲಿಸಿದರೆ ಇದು ಕಡಿಮೆಯಾಗುತ್ತದೆ ನಿಜ, ಆದರೆ ಎರಡು ವರ್ಷದ ಮಗು ನಿಲ್ಲಿಸಿದ ಜಾಗದಲ್ಲೇ ನಿಲ್ಲಬೇಕಲ್ವಾ?

ಹಾಗಾಗಿ ಈ ವೇಷಕ್ಕೆ ಹಸಿರು, ನೀಲಿ ಎರಡೂ ಬೇಡ. ಬೂದು ಬಣ್ಣದ ಪೇಪರ್ ರೋಲ್ ಸಾಕು. ಫೋಟೊ ತಿದ್ದುವ ಫೋಟೊಶಾಪ್‌ನಲ್ಲಿ ವ್ಯಕ್ತಿಯನ್ನು ತಾನಾಗಿಯೇ ಗುರುತಿಸಿ ಬೇರ್ಪಡಿಸುವ ‘ಸೆಲೆಕ್ಟ್ ಸಬ್ಜೆಕ್ಟ್’ ಇದೆ, ಅದು ಮೈಯ ಅಂಚನ್ನು ಚೆನ್ನಾಗಿ ಹಿಡಿಯುತ್ತದೆ. ಗರಿಯ ಎಳೆಗಳನ್ನು ಮಾತ್ರ ಮಾಸ್ಕ್‌ನಲ್ಲಿ, ಅಂದರೆ ಯಾವ ಭಾಗ ಕಾಣಬೇಕು ಯಾವುದು ಮರೆಯಾಗಬೇಕು ಅಂತ ಗುರುತಿಸುವ ಪದರದಲ್ಲಿ, ಕೈಯಾರೆ ಬಿಡಿಸಬೇಕು. ಆಮೇಲೆ ಹಿಂದೆ ಕೂರಿಸುವ ಚಿತ್ರದ ದಿಗಂತ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೋ ಅಷ್ಟರಲ್ಲೇ ಇರಬೇಕು. ನೆಲದಲ್ಲಿ ಕೂತು, ಮಗುವಿನ ಎದೆಮಟ್ಟದಲ್ಲಿ ಕ್ಯಾಮೆರಾ ಹಿಡಿದು ತೆಗೆದಿದ್ದರೆ ದಿಗಂತದ ಗೆರೆಯೂ ಎದೆಯ ಹಿಂದೆಯೇ ಹಾಯಬೇಕು. ಅದು ಮೊಣಕಾಲ ಹತ್ತಿರ ಹೋಯಿತೋ, ಬಾಲಕೃಷ್ಣ ತಾಳೆಮರದಷ್ಟು ಎತ್ತರ ಕಾಣುತ್ತಾನೆ. ಪಾದದ ಅಡಿಯ ನೆರಳು ಇನ್ನೊಂದು ತಲೆನೋವು. ಅದಕ್ಕೆ ನನ್ನ ಉಪಾಯ: ಶೂಟ್ ಮಾಡುವಾಗಲೇ ಗೆಜ್ಜೆ ಕಾಲಿನ ಸುತ್ತ ಒಂದು ಹಿಡಿ ಒಣಹುಲ್ಲು ಹರಡೋದು. ಹುಲ್ಲಿನ ಮೇಲೆ ಬಿದ್ದ ನಿಜವಾದ ನೆರಳನ್ನೇ ಉಳಿಸಿಕೊಳ್ಳಬಹುದು.

ಎಐ ವಿಷಯಕ್ಕೆ ಬರೋಣ. ಬೇಕಾದ್ದನ್ನು ಪದಗಳಲ್ಲಿ ಹೇಳಿದರೆ ಗುರುತು ಮಾಡಿದ ಜಾಗಕ್ಕೆ ಚಿತ್ರ ತುಂಬಿಸಿಕೊಡುವ ಜನರೇಟಿವ್ ಫಿಲ್ ಫೋಟೊಶಾಪ್‌ಗೆ ಬಂದದ್ದು 2023ರಲ್ಲಿ. ಆಗ ಜಾಗ ಎಷ್ಟೇ ದೊಡ್ಡದಿರಲಿ, ಅದು ಬರೆಯುತ್ತಿದ್ದ ಚಿತ್ರ 1024x1024 ಪಿಕ್ಸೆಲ್‌ಗಿಂತ ದೊಡ್ಡದಾಗಿರುತ್ತಿರಲಿಲ್ಲ, ಅದನ್ನೇ ಹಿಗ್ಗಿಸಿ ಕೂರಿಸುತ್ತಿತ್ತು. 12x18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕೆ (300 ಡಿಪಿಐ) ಲೆಕ್ಕದಲ್ಲಿ 3600x5400 ಪಿಕ್ಸೆಲ್ ಬೇಕು. ಮೊಬೈಲ್‌ನಲ್ಲಿ ಚಂದ ಕಂಡದ್ದು ಫ್ರೇಮ್‌ಗೆ ಹೋದಾಗ ಮಬ್ಬು. ಈಗ ಸುಧಾರಿಸಿದೆ. ವೇಗಕ್ಕಂತೂ ಸಾಟಿಯಿಲ್ಲ. ಆದರೂ ಹಸು ಕೇಳಿದರೆ ಕಪ್ಪುಬಿಳುಪು ಸೀಮೆಹಸು ನಿಲ್ಲಿಸುತ್ತದೆ, ಡುಬ್ಬವೇ ಇರೋದಿಲ್ಲ. ನಮ್ಮ ಹಳ್ಳಿಕಾರ್ ಹಸುವನ್ನು ಪದಪದವಾಗಿ ವರ್ಣಿಸಿ ಹೇಳಬೇಕು. ಇಡೀ ಫೋಟೊ ಹಾಕಿದರೆ ಎಲ್ಲವನ್ನೂ ಬದಲಿಸಿಕೊಡುವ ಮೊಬೈಲ್ ಆ್ಯಪ್‌ಗಳನ್ನು ನಾನು ಮುಟ್ಟೋದೇ ಇಲ್ಲ. ಮುಖವನ್ನೂ ಸದ್ದಿಲ್ಲದೆ ತಿದ್ದಿಬಿಡುತ್ತವೆ. ತಾಯಿಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ನನ್ನ ಮತ ಬರೆದ ಪರದೆಗೆ. ಕಂಪನಿ ನಾಟಕಗಳ ಕಾಲದಿಂದ ಕಾಡು, ಅರಮನೆ, ಬೀದಿ ಅಂತ ಪರದೆ ಬರೆಯುವ ಕಲಾವಿದರು ನಮ್ಮಲ್ಲಿದ್ದಾರೆ. ಗುಬ್ಬಿ ಕಂಪನಿ ಶುರುವಾದದ್ದೇ 1884ರಲ್ಲಿ. ಹತ್ತಿರದಿಂದ ನೋಡಿದರೆ ಬರೀ ಬ್ರಶ್ ಗೀಟು. ಮಗು ಐದಾರು ಅಡಿ ಮುಂದಿದ್ದು, 85 ಎಂಎಂ ಲೆನ್ಸ್‌ನಲ್ಲಿ ಎಫ್ 2.8 ಇಟ್ಟು, ಅಂದರೆ ಹಿನ್ನೆಲೆ ಮಸುಕಾಗುವಂತೆ ಲೆನ್ಸಿನ ಬಾಯಿ ಅಗಲ ತೆರೆದು, ನೋಡಿ: ಗೀಟೆಲ್ಲ ಕರಗಿ ಮಂಜು ಕವಿದ ಕಾಡಾಗುತ್ತದೆ. ಕತ್ತರಿಸೋದಿಲ್ಲ, ಅಂಟಿಸೋದಿಲ್ಲ. ಗರಿ, ಕೂದಲು, ಬೆಣ್ಣೆ ಮೆತ್ತಿದ ಕೈ ಎಲ್ಲ ಇದ್ದ ಹಾಗೇ ಬರುತ್ತವೆ. ಎಲ್ಲಕ್ಕಿಂತ ಮುಖ್ಯ, ಚಂದ್ರ ಎಲ್ಲಿದ್ದಾನೆ ಅಂತ ಕಣ್ಣೆದುರಿಗೇ ಕಾಣುವುದರಿಂದ ಲೈಟನ್ನು ಅದೇ ಬದಿಯಲ್ಲಿ ಇಡುತ್ತೇನೆ. ಉಳಿದ ವಿಧಾನಗಳಲ್ಲಿ ಚಿತ್ರ ಕೆಡೋದು ಹೆಚ್ಚಾಗಿ ಇಲ್ಲೇ. ಬೆಳದಿಂಗಳು ಎಡಕ್ಕೆ, ಮುಖದ ಬೆಳಕು ಬಲಕ್ಕೆ.

ಪರದೆಗೆ ದುಡ್ಡು ಜಾಸ್ತಿ, ಇಡೋಕೆ ಜಾಗ ಬೇಕು, ವರ್ಷವರ್ಷವೂ ಅದೇ ಕಾಡು. ವಿದೇಶದಲ್ಲಿರುವ ಅಜ್ಜಿ ತಾತನಿಗೆ ಕಳಿಸೋಕೆ ಇಂಥದೇ ದೃಶ್ಯ ಬೇಕು ಅನ್ನುವವರಿಗೆ ಬೂದು ಪೇಪರ್ ಹಿಡಿಯುತ್ತೇನೆ. ಶಾಲೆಯವರು ಸಾಲುಗಟ್ಟಿ ಬಂದರೆ ಪ್ರಿಂಟ್ ಹಾಕಿಸಿದ ಬಟ್ಟೆ. ಮನೆಯ ಗೋಡೆಗೆ ಒಂದು ಒಳ್ಳೆಯ ಫೋಟೊ ಬೇಕೆಂದರೆ ಪರದೆಯೇ.

ಬರೆಸೋ ಹಾಗಿದ್ದರೆ ಕಲಾವಿದರಿಗೆ ಎರಡು ಮಾತು ಮೊದಲೇ ಹೇಳಿಬಿಡಿ. ಮಿರುಗುವ ಬಣ್ಣ ಬೇಡ. ಚಂದ್ರನನ್ನು ನಟ್ಟನಡುವೆ ಬರೆಯೋದು ಬೇಡ, ಕಿರೀಟ ಮುಚ್ಚಿಬಿಡುತ್ತದೆ.